ಮರಿ ರಾತ್ರಿ ಉಚ್ಚೆ ಹೊಯ್ಯುತ್ತದೆ ಅಂತ ನೀರು ನಿಲ್ಲಿಸಬೇಕಾ?

ಪ್ರಶ್ನೆ: ನಮ್ಮ ನಾಯಿಮರಿಗೆ 9 ವಾರ. ಸುಮಾರು 3 ಕೆ.ಜಿ. ಇದೆ. ಮನೆಗೆ ಬಂದು ಒಂದು ವಾರವಾಯಿತು. ರಾತ್ರಿ ಗಲೀಜು ಮಾಡಬಾರದು ಅಂತ ಸಂಜೆ 6ಕ್ಕೇ ನೀರಿನ ಬಟ್ಟಲು ಎತ್ತಿಡುತ್ತೇವೆ. 9ಕ್ಕೆ ನೀರಲ್ಲಿ ನೆನೆಸಿದ ಡ್ರೈ ಫುಡ್ ಕೊಡುತ್ತೇವೆ, 11ಕ್ಕೆ ಮಲಗುತ್ತೇವೆ. ಮರಿ ಹಾಲ್‌ನಲ್ಲಿ ದೊಡ್ಡ ಕ್ರೇಟ್‌ನೊಳಗೆ (ಬಾಗಿಲಿರುವ ನಾಯಿ ಪಂಜರ), ನಾವು ಬಾಗಿಲು ಹಾಕಿಕೊಂಡು ರೂಮಿನಲ್ಲಿ. ಬೆಳಗ್ಗೆ ನೋಡಿದರೆ ಕ್ರೇಟ್‌ನ ಒಂದು ಮೂಲೆ ಒದ್ದೆಯಾಗಿರುತ್ತದೆ. ನೀರಿಟ್ಟ ತಕ್ಷಣ ಗಟಗಟ ಕುಡಿದು ಕೆಲವು ದಿನ ವಾಂತಿ ಮಾಡುತ್ತದೆ. ನೀರನ್ನು ಇನ್ನೂ ಬೇಗ ನಿಲ್ಲಿಸಬೇಕಾ? ಮೂಗು ತಂದು ಉಚ್ಚೆಗೆ ಉಜ್ಜಿದರೆ ಬುದ್ಧಿ ಬರುತ್ತದೆ ಅಂತ ಮನೆಯಲ್ಲಿ ಒಬ್ಬರು ಹೇಳುತ್ತಾರೆ. ನಿಜವಾ?

ಉತ್ತರ: ಬೇಡ, ಎರಡೂ ಬೇಡ. ನೀರನ್ನು ಇನ್ನೂ ಬೇಗ ನಿಲ್ಲಿಸಬೇಡಿ. ಈಗ ನಿಲ್ಲಿಸುತ್ತಿರುವುದೇ ಜಾಸ್ತಿಯಾಯಿತು. ಮೂಗು ಉಜ್ಜುವ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಮೊದಲು ಲೆಕ್ಕ ಹಾಕಿ. ಸಂಜೆ 6ಕ್ಕೆ ಬಟ್ಟಲು ಎತ್ತಿಟ್ಟು ಬೆಳಗ್ಗೆ 6ಕ್ಕೆ ಇಟ್ಟರೆ ಹನ್ನೆರಡು ಗಂಟೆ ನೀರಿಲ್ಲ. 3 ಕೆ.ಜಿ. ಮರಿಗೆ ದಿನಕ್ಕೆ ಸುಮಾರು 200ರಿಂದ 300 ಮಿ.ಲೀ. ನೀರು ಬೇಕು. ಬಿಸಿಲಿದ್ದರೆ, ಓಡಾಟ ಜಾಸ್ತಿಯಿದ್ದರೆ ಇನ್ನೂ ಹೆಚ್ಚು. ಅಷ್ಟನ್ನೂ ಅದು ಹಗಲಿನ ಹನ್ನೆರಡು ಗಂಟೆಯಲ್ಲೇ ಮುಗಿಸಬೇಕು. ಬಾಯಾರಿ ಬಾಯಾರಿ ಎದ್ದ ಮರಿ ಬೆಳಗ್ಗೆ ಬಟ್ಟಲಿಗೆ ಮುಖ ಹಾಕಿ ಉಸಿರು ಬಿಡದೆ ಕುಡಿಯುತ್ತದೆ, ಖಾಲಿ ಹೊಟ್ಟೆಗೆ ಅಷ್ಟು ನೀರು ಒಮ್ಮೆಲೇ ಬಿದ್ದು ವಾಪಸ್ ಬರುತ್ತದೆ. ನಿಮ್ಮ ಬೆಳಗಿನ ವಾಂತಿಗೆ ಬಹುಪಾಲು ಇದೇ ಕಾರಣ ಇರಬಹುದು. ಇನ್ನೊಂದು ತೊಂದರೆಯೂ ಇದೆ. ನೀರು ಯಾವಾಗ ಮಾಯವಾಗುತ್ತದೋ ಗೊತ್ತಿಲ್ಲ ಅಂತ ಕಲಿತ ಮರಿ, ಸಿಕ್ಕಾಗಲೆಲ್ಲ ಬೇಕಾದ್ದಕ್ಕಿಂತ ಜಾಸ್ತಿ ಕುಡಿಯುವುದನ್ನೇ ರೂಢಿ ಮಾಡಿಕೊಳ್ಳುತ್ತದೆ. ಜಾಸ್ತಿ ಕುಡಿದರೆ ಜಾಸ್ತಿ ಉಚ್ಚೆ. ಉಳಿಸಲು ಹೊರಟಿದ್ದನ್ನೇ ಕಳೆದುಕೊಂಡ ಹಾಗಾಯಿತು.

ನೀರು ನಿಲ್ಲಿಸಿದರೆ ಉಚ್ಚೆಯೂ ನಿಲ್ಲುತ್ತದೆ ಅನ್ನುವ ನಂಬಿಕೆ ಎಲ್ಲರಿಗೂ ಇರುತ್ತದೆ. ಮೂತ್ರಪಿಂಡ ಹಾಗೆ ಕೆಲಸ ಮಾಡುವುದಿಲ್ಲ. ತಿಂದ ಪ್ರೋಟೀನು ಕರಗಿದ ಮೇಲೆ ಉಳಿಯುವ ಯೂರಿಯಾದಂಥ ಕಸವನ್ನು ಅದು ಹೊರಗೆ ಹಾಕಲೇಬೇಕು, ಅದಕ್ಕೆ ನೀರು ಬೇಕೇ ಬೇಕು. ಬಟ್ಟಲಿನಲ್ಲಿ ಇಲ್ಲದಿದ್ದರೆ ಮೈಯೊಳಗಿನ ನೀರನ್ನೇ ತೆಗೆದುಕೊಳ್ಳುತ್ತದೆ. ದೊಡ್ಡ ನಾಯಿಯಾದರೆ ಕಡಿಮೆ ನೀರಿನಲ್ಲೇ ಗಟ್ಟಿ ಉಚ್ಚೆ ಮಾಡಿ ನಿಭಾಯಿಸುತ್ತದೆ. 9 ವಾರದ ಮರಿಯ ಮೂತ್ರಪಿಂಡಕ್ಕೆ ಆ ಕಸುಬು ಇನ್ನೂ ಪೂರ್ತಿ ಬಂದಿರುವುದಿಲ್ಲ. ಅದಕ್ಕೇ ಮರಿಯ ಉಚ್ಚೆ ತಿಳಿಯಾಗಿರುತ್ತದೆ, ಮೈಗೆ ಹೋಲಿಸಿದರೆ ಪ್ರಮಾಣವೂ ಜಾಸ್ತಿ. ಇದರ ಮೇಲೆ ಮೂತ್ರಚೀಲ ಪುಟ್ಟದು, ಅದನ್ನು ಬಿಗಿಹಿಡಿಯುವ ಸ್ನಾಯು ಇನ್ನೂ ಎಳೆಯದು. ತುಂಬಿತು ಅಂದರೆ ಮುಗಿಯಿತು, ತಡೆದುಕೊಳ್ಳುವ ಪ್ರಶ್ನೆಯೇ ಇಲ್ಲ.

ಈಗ ನಿಮ್ಮ ಮನೆಯ ವೇಳಾಪಟ್ಟಿ ನೋಡೋಣ. 6ಕ್ಕೆ ನೀರು ಬಂದ್, ಆದರೆ 9ಕ್ಕೆ ನೆನೆಸಿದ ಊಟ. ಡ್ರೈ ಫುಡ್‌ನಲ್ಲಿ ನೀರಿನಂಶ ಸುಮಾರು 10% ಅಷ್ಟೇ. ನೆನೆಸಿದ ಮೇಲೆ ಅದು ಉಬ್ಬಿ ಎಷ್ಟು ದೊಡ್ಡದಾಗುತ್ತದೆ ನೋಡಿದ್ದೀರಲ್ಲ? ಆ ಉಬ್ಬೆಲ್ಲ ನೀರೇ. ಅಂದರೆ ಬಟ್ಟಲಿನಿಂದ ತೆಗೆದ ನೀರನ್ನು ಮೂರು ಗಂಟೆ ಬಿಟ್ಟು ತಟ್ಟೆಯಲ್ಲಿ ಹಾಕಿ ಕೊಡುತ್ತಿದ್ದೀರಿ, ಅದೂ ಮಲಗುವುದಕ್ಕೆ ಎರಡೇ ಗಂಟೆ ಮುಂಚೆ. ಡಬ್ಬಿಯ ಮೆತ್ತನೆ ಆಹಾರ ಕೊಡುವವರಿಗೂ ಇದೇ ಮಾತು, ಅದರಲ್ಲಿ 75–80% ನೀರಿರುತ್ತದೆ. ಮರಿಗೆ ನೆನೆಸಿ ಕೊಡುವುದು ತಪ್ಪಲ್ಲ, ಹೊತ್ತು ಮಾತ್ರ ಬದಲಾಗಬೇಕು.

ಹಾಗಾದರೆ ಹೇಗೆ? 11ಕ್ಕೆ ಮಲಗುವ ಮನೆಯಾದರೆ ರಾತ್ರಿಯ ಊಟ 7ರ ಹೊತ್ತಿಗೆ ಆಗಲಿ. ನೀರು 9ರವರೆಗೆ ಬೇಕಾದಷ್ಟು ಇರಲಿ. ಮಲಗುವುದಕ್ಕೆ ಒಂದೂವರೆ, ಎರಡು ಗಂಟೆ ಮುಂಚೆ ಎತ್ತಿಟ್ಟರೆ ಸಾಕು. ಆಮೇಲೆ ಮರಿ ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡುತ್ತಿದ್ದರೆ, ಬಟ್ಟಲು ಇದ್ದ ಜಾಗವನ್ನು ಮೂಸುತ್ತಿದ್ದರೆ ನಾಲ್ಕು ಗುಟುಕು ಕೊಡಿ. ಒಂದು ಸಣ್ಣ ಐಸ್ ತುಂಡಾದರೂ ಆದೀತು. ಯಾವ ಮರಿಯೂ ನಾಲ್ಕು ಗುಟುಕಿನಿಂದ ಹಾಸಿಗೆ ಹಾಳು ಮಾಡುವುದಿಲ್ಲ. 10ರ ನಂತರ ಕುಣಿದಾಟ ಬೇಡ. ರಾತ್ರಿ ಹತ್ತೂವರೆಗೆ ಚೆಂಡು ಎಸೆದು ಸುಸ್ತು ಮಾಡಿಸಿದರೆ ಚೆನ್ನಾಗಿ ಮಲಗುತ್ತದೆ ಅಂತ ಎಷ್ಟೋ ಜನ ಮಾಡುತ್ತಾರೆ. ಆಟ ಮುಗಿದ ಮೇಲೆ ಅದು ಸೀದಾ ನೀರಿಗೆ ಓಡುತ್ತದೆ, ಅಲ್ವಾ? ಆಟ ಸಂಜೆಗೇ ಮುಗಿಯಲಿ.

ಇದರಲ್ಲಿ ಒಂದು ಅಪವಾದ. ತೀರಾ ಪುಟ್ಟ ತಳಿಯ ಮರಿಗಳಿಗೆ, ಕೈಯಲ್ಲಿ ಹಿಡಿಯುವಷ್ಟು ಇರುತ್ತವಲ್ಲ, ಅಂಥವಕ್ಕೆ ಮೂರು ತಿಂಗಳಾಗುವವರೆಗೆ ರಾತ್ರಿಯ ಹೊಟ್ಟೆ ತುಂಬಾ ಹೊತ್ತು ಖಾಲಿ ಬಿಡಬಾರದು. ರಕ್ತದಲ್ಲಿ ಸಕ್ಕರೆ ಇಳಿದು ಮರಿ ಜೋಲಾಡುತ್ತದೆ, ನಡುಗುತ್ತದೆ, ಕೆಲವೊಮ್ಮೆ ಫಿಟ್ಸ್ ಕೂಡ ಬರುತ್ತದೆ. ಅವಕ್ಕೆ ಮಲಗುವ ಮುಂಚೆ ಚೂರು ತಿನ್ನಿಸಿ, ರಾತ್ರಿ ಒಂದು ಸಲ ಜಾಸ್ತಿ ಎದ್ದರಾಯಿತು.

ಇಷ್ಟೆಲ್ಲ ಮಾಡಿದರೂ ನಿಮ್ಮ ಮರಿ ಬೆಳಗಿನ ತನಕ ತಡೆಯುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡಿ, ಅರ್ಧ ಸಿಟ್ಟು ಕಡಿಮೆಯಾಗುತ್ತದೆ. ಅಂದಾಜು ಲೆಕ್ಕ ಒಂದಿದೆ: ಹಗಲಿನಲ್ಲಿ ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿದರೆ ಅಷ್ಟು ಗಂಟೆ. ಎರಡು ತಿಂಗಳ ಮರಿಗೆ ಮೂರು ಗಂಟೆ. ಅದು ಗರಿಷ್ಠ, ಎಚ್ಚರವಾಗಿ ಓಡಾಡುವಾಗ ಅರ್ಧ ಗಂಟೆಗೇ ಒಂದು ಸಲ ಬಂದರೂ ಆಶ್ಚರ್ಯವಿಲ್ಲ. ನಿದ್ದೆಯಲ್ಲಿ ಉಚ್ಚೆ ತಯಾರಾಗುವುದು ನಿಧಾನ, ಮೈಯೂ ಅಲ್ಲಾಡುವುದಿಲ್ಲ, ಆದ್ದರಿಂದ ರಾತ್ರಿ ಸ್ವಲ್ಪ ಜಾಸ್ತಿ ತಡೆಯುತ್ತದೆ. ಆದರೂ ನಿಮ್ಮ ಮರಿಯ ವಯಸ್ಸಿಗೆ ಮೂರು, ಹೆಚ್ಚೆಂದರೆ ನಾಲ್ಕು ಗಂಟೆ. ಮೂರು ತಿಂಗಳಿಗೆ ನಾಲ್ಕರಿಂದ ಐದು. ನಾಲ್ಕು ತಿಂಗಳು ದಾಟಿದ ಮೇಲೆ ಬಹಳಷ್ಟು ಮರಿಗಳು ಆರೇಳು ಗಂಟೆ ಮಲಗುತ್ತವೆ. ಸಣ್ಣ ತಳಿಗಳಿಗೆ ಇನ್ನೂ ತಡ. ನೀವು 11ರಿಂದ 6ರವರೆಗೆ ಏಳು ಗಂಟೆ ಕೇಳುತ್ತಿದ್ದೀರಿ. ಅದರ ಕೈಲಾಗುವುದಿಲ್ಲ.

ಆದ್ದರಿಂದ ಎದ್ದೇಳಬೇಕು. ನೀವೇ. ಅಲಾರಂ ಇಟ್ಟು.

ಅಲಾರಂ ಯಾಕೆ, ಮರಿ ಅತ್ತಾಗ ಎದ್ದರೆ ಸಾಲದೇ ಅಂತ ಕೇಳಬಹುದು. ಕೆಲವು ಮರಿ ಅಳುತ್ತವೆ, ಕೆಲವು ಅಳುವುದೇ ಇಲ್ಲ, ಸುಮ್ನೆ ಎದ್ದು ಮೂಲೆಗೆ ಹೋಗಿ ಮುಗಿಸಿ ಬಂದು ಮಲಗುತ್ತವೆ. ನಿಮ್ಮದು ಎರಡನೇ ಜಾತಿಯದು ಇರಬಹುದು. ಅಥವಾ ಅದು ಅತ್ತಿದ್ದು ಬಾಗಿಲು ಹಾಕಿಕೊಂಡ ನಿಮಗೆ ಕೇಳಿಸಿಲ್ಲದಿರಬಹುದು, ಒಂದು ವಾರ ಕರೆದು ಯಾರೂ ಬರದಿದ್ದಾಗ ಕರೆಯುವುದನ್ನೇ ಬಿಟ್ಟಿರಬಹುದು. ಇನ್ನೊಂದು ಕಾರಣ: ಅತ್ತಾಗಲೆಲ್ಲ ಜನ ಬಂದರೆ, ಅಳುವುದು ಜನರನ್ನು ಕರೆಯುವ ಗಂಟೆ ಅಂತ ಮರಿ ತಿಳಿದುಕೊಳ್ಳುತ್ತದೆ. ಅಲಾರಂ ಹೊಡೆದಾಗ ನೀವೇ ಹೋದರೆ ಆ ಗಂಟು ಬೀಳುವುದಿಲ್ಲ.

11ಕ್ಕೆ ಕೊನೆಯ ಸಲ ಹೊರಗೆ ಹೋಗಿ ಬಂದರೆ ಮೊದಲ ಅಲಾರಂ 2ಕ್ಕೆ, ಎರಡನೆಯದು ಐದಕ್ಕೆ. ನಾಲ್ಕೈದು ರಾತ್ರಿ ಸತತವಾಗಿ ಒಣಗಿದ ಕ್ರೇಟ್ ಸಿಕ್ಕರೆ ಮೊದಲ ಅಲಾರಂ ಅನ್ನು 15 ನಿಮಿಷ ಮುಂದಕ್ಕೆ ತಳ್ಳಿ. ಮತ್ತೆ ಕೆಲವು ದಿನ ಬಿಟ್ಟು ಇನ್ನೊಂದು 15. ಒದ್ದೆಯಾದರೆ ಹಿಂದಿನ ಹೊತ್ತಿಗೆ ವಾಪಸ್ ಬನ್ನಿ, ಬೇಜಾರು ಬೇಡ. ಹೀಗೆ ತಳ್ಳುತ್ತಾ ಹೋದರೆ ಎರಡು ಅಲಾರಂ ಸೇರಿ ಒಂದಾಗುತ್ತದೆ, ಆಮೇಲೆ ಆ ಒಂದೂ ಬೆಳಗಿನ ಜಾವಕ್ಕೆ ಹೋಗಿ ನಿಮ್ಮ ಎದ್ದೇಳುವ ಹೊತ್ತಿಗೆ ಸೇರಿಕೊಳ್ಳುತ್ತದೆ. ಮನೆಯಲ್ಲಿ ಇಬ್ಬರಿದ್ದರೆ ಪಾಳಿ ಹಾಕಿಕೊಳ್ಳಿ. ಒಬ್ಬರೇ ಎರಡು ವಾರ ಎದ್ದರೆ ಆ ಸಿಟ್ಟು ಮರಿಯ ಮೇಲೇ ಹೋಗುವುದು.

ರಾತ್ರಿಯ ಈ ಓಡಾಟ ಆದಷ್ಟು ಬೋರಾಗಿರಬೇಕು. ದೊಡ್ಡ ಲೈಟ್ ಹಾಕಬೇಡಿ. ಮುದ್ದು ಮಾತು ಬೇಡ. ಮರಿಯನ್ನು ನಡೆಸಿಕೊಂಡು ಹೋಗಬೇಡಿ, ಎತ್ತಿಕೊಂಡು ಹೋಗಿ. ನಿದ್ದೆಯಿಂದ ಎದ್ದ ಮರಿ ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಬಾಗಿಲ ಹತ್ತಿರವೇ ಕೂತುಬಿಡುತ್ತದೆ. ಎತ್ತಿಕೊಂಡಾಗ ಹೆಚ್ಚಿನವು ತಡೆದುಕೊಳ್ಳುತ್ತವೆ. ಹೊರಗೆ ಹೋಗಿ ಬೆಲ್ಟ್ ಹಾಕಿ ಕೆಳಗೆ ಬಿಡಿ, ಒಂದೇ ಕಡೆ ನಿಂತುಕೊಳ್ಳಿ, ಫೋನ್ ನೋಡಬೇಡಿ, ಮರಿಯನ್ನೂ ನೋಡುತ್ತಾ ನಿಲ್ಲಬೇಡಿ. ಐದು ನಿಮಿಷ ಕೊಡಿ. ಆಯಿತಾ, ಮೆಲ್ಲಗೆ ಒಂದು ಮಾತು ಹೊಗಳಿ, ವಾಪಸ್ ಕ್ರೇಟ್. ಆಗಲಿಲ್ಲವಾ, ಆಗಲೂ ವಾಪಸ್ ಕ್ರೇಟ್. ಹದಿನೈದು ನಿಮಿಷ ಬಿಟ್ಟು ಇನ್ನೊಂದು ಸಲ. ಮಧ್ಯರಾತ್ರಿ ಎರಡು ಗಂಟೆಗೆ ಹೂಕುಂಡ ಕೆದರಿ ಆಟವಾಡಬಹುದು ಅಂತ ಒಮ್ಮೆ ಗೊತ್ತಾದರೆ ಮರಿ ದಿನಾ ಎರಡಕ್ಕೇ ಕಾಯುತ್ತದೆ, ಉಚ್ಚೆ ಇರಲಿ ಬಿಡಲಿ.

ಕ್ರೇಟ್ ವಿಷಯ. ನೀವು ದೊಡ್ಡ ಕ್ರೇಟ್ ಅಂದಿರಿ, ಒಂದು ಮೂಲೆ ಒದ್ದೆ ಅಂದಿರಿ. ಇದರಲ್ಲೇ ಉತ್ತರ ಇದೆ. ಹುಟ್ಟಿದಾಗ ಮರಿಗೆ ತಾನಾಗಿ ಉಚ್ಚೆ ಹೊಯ್ಯಲೂ ಬರುವುದಿಲ್ಲ, ತಾಯಿ ನೆಕ್ಕಿ ಮಾಡಿಸಬೇಕು. ಸುಮಾರು ಮೂರು ವಾರದ ಹೊತ್ತಿಗೆ ತಾನೇ ತೂರಾಡಿಕೊಂಡು ಮಲಗುವ ಜಾಗದಿಂದ ಆಚೆ ಹೋಗಿ ಮಾಡಲು ಶುರು ಮಾಡುತ್ತದೆ. ಮಲಗುವ ಜಾಗ ಗಲೀಜು ಮಾಡಬಾರದು ಅನ್ನುವ ಆ ಹುಟ್ಟುಗುಣವೇ ನಮ್ಮ ಬಂಡವಾಳ. ಆದರೆ ಕ್ರೇಟ್ ದೊಡ್ಡದಿದ್ದರೆ ಒಂದು ಕಡೆ ಬೆಡ್‌ರೂಮು, ಇನ್ನೊಂದು ಕಡೆ ಬಾತ್‌ರೂಮು ಅಂತ ಮರಿ ತಾನೇ ಭಾಗ ಮಾಡಿಕೊಳ್ಳುತ್ತದೆ. ಅದರ ದೃಷ್ಟಿಯಲ್ಲಿ ಅದು ಸರಿಯಾಗಿಯೇ ನಡೆದುಕೊಂಡಿದೆ. ಎದ್ದು ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಬೇಕಾದಷ್ಟು ಜಾಗ ಬಿಟ್ಟು ಉಳಿದದ್ದನ್ನು ಅಡ್ಡ ಹಲಗೆ ಹಾಕಿ ಮುಚ್ಚಿ. ಬೆಳೆದ ಹಾಗೆ ಹಲಗೆ ಹಿಂದಕ್ಕೆ ಸರಿಸಿ. ಒಳಗೆ ದಪ್ಪ ಮೆತ್ತನೆ ಹಾಸಿದ್ದರೆ ಸದ್ಯಕ್ಕೆ ತೆಗೆದು ತೆಳ್ಳಗಿನ ಬಟ್ಟೆ ಹಾಕಿ. ದಪ್ಪ ಹಾಸಿಗೆ ಉಚ್ಚೆಯನ್ನು ಹೀರಿಕೊಂಡು ಮೇಲೆ ಒಣಗಿದಂತೆ ಇರುತ್ತದೆ, ಮರಿಗೆ ತಾನು ಒದ್ದೆಯಲ್ಲಿ ಮಲಗಿದ್ದೇನೆ ಅಂತ ಅನ್ನಿಸುವುದೇ ಇಲ್ಲ.

ಆಮೇಲೆ ಆ ಕ್ರೇಟ್ ಅನ್ನು ಹಾಲ್‌ನಿಂದ ತಂದು ನಿಮ್ಮ ಮಂಚದ ಪಕ್ಕ ಇಡಿ. ಜೀವಮಾನವಿಡೀ ಅಲ್ಲಿರಬೇಕಿಲ್ಲ, ಕೆಲವು ವಾರ ಸಾಕು. ನನ್ನ ಪ್ರಕಾರ ನೀವು ಮಾಡಬಹುದಾದ ಎಲ್ಲ ಬದಲಾವಣೆಗಳಲ್ಲಿ ಅತಿ ಹೆಚ್ಚು ಫಲ ಕೊಡುವುದು ಇದೇ. ತಾಯಿ, ಒಡಹುಟ್ಟಿದವರ ಜೊತೆ ಮುದ್ದೆಯಾಗಿ ಮಲಗುತ್ತಿದ್ದ ಜೀವ ಅದು. ಒಂಟಿಯಾಗಿ ಬಿಟ್ಟರೆ ಗಾಬರಿಯಾಗುತ್ತದೆ, ಗಾಬರಿಯಾದ ಮರಿ ಬೇಗ ಉಚ್ಚೆ ಹೊಯ್ಯುತ್ತದೆ. ಪಕ್ಕದಲ್ಲಿದ್ದರೆ ಕೈ ಇಳಿಬಿಟ್ಟರೆ ಸಾಕು, ಮೂಸಿ ಮಲಗುತ್ತದೆ. ಮತ್ತೆ ನಿಮಗೂ ಕಿವಿ ಪಳಗುತ್ತದೆ. ಬರೀ ಹೊರಳಾಡುವ ಸದ್ದು ಬೇರೆ, ಎದ್ದು ಉಗುರು ಟಕಟಕ ಅನ್ನಿಸುತ್ತಾ ಸುತ್ತು ಹಾಕಿ ಬಾಗಿಲ ಹತ್ತಿರ ಸಣ್ಣಗೆ ಕುಂಯ್ ಅನ್ನುವುದು ಬೇರೆ. ಎರಡನೆಯದು ಕೇಳಿಸಿದರೆ ಚಪ್ಪಲಿ ಹುಡುಕುತ್ತಾ ಕೂರಬೇಡಿ, ಎದ್ದು ಹೊರಡಿ.

ಕೊಳಕು ಪಂಜರದಲ್ಲಿ ಬೆಳೆದು ಬಂದ ಮರಿಗಳಿಗೆ ಈ ಹುಟ್ಟುಗುಣ ಹಾಳಾಗಿರುತ್ತದೆ, ಮಲಗಿದಲ್ಲೇ ಮಾಡಿ ಅದರ ಮೇಲೇ ಮಲಗಿ ರೂಢಿಯಾಗಿರುತ್ತದೆ. ಸಣ್ಣ ಕ್ರೇಟ್‌ನಲ್ಲೂ ದಿನಾ ಗಲೀಜು ಮಾಡಿ ಅದರಲ್ಲೇ ಆರಾಮಾಗಿ ಮಲಗಿದರೆ ಕ್ರೇಟ್ ಸದ್ಯಕ್ಕೆ ಬಿಟ್ಟುಬಿಡಿ. ಸಣ್ಣ ಆವರಣ ಮಾಡಿ, ಅಲಾರಂ ಎರಡು ಗಂಟೆಗೊಂದು ಮಾಡಿ. ನಿಧಾನವಾಗುತ್ತದೆ, ಆದರೆ ಆಗುತ್ತದೆ.

ಇನ್ನು ಹಗಲು. ರಾತ್ರಿ ಸರಿಹೋಗುವುದು ಹಗಲಿನ ಅಭ್ಯಾಸದಿಂದ, ಯಾಕೆಂದರೆ ಎಲ್ಲಿ ಮಾಡಬೇಕು ಅನ್ನುವುದನ್ನು ಮರಿ ಎಚ್ಚರವಿದ್ದಾಗಲೇ ಕಲಿಯಬೇಕು. ನಿದ್ದೆಯಿಂದ ಎದ್ದ ಕೂಡಲೇ, ತಿಂದು ಐದರಿಂದ ಮೂವತ್ತು ನಿಮಿಷದೊಳಗೆ, ನೀರು ಕುಡಿದ ಕಾಲು ಗಂಟೆಗೆ, ಆಟದ ನಡುವೆ, ಯಾರಾದರೂ ಮನೆಗೆ ಬಂದು ಮರಿ ಕುಣಿದಾಡಿದ ಮೇಲೆ ಹೊರಗೆ ಕರೆದೊಯ್ಯಿರಿ. ಊಟವಾದ ಮೇಲೆ ಕಕ್ಕ ಬರುವುದಕ್ಕೆ ಕಾರಣ ಇದೆ, ಹೊಟ್ಟೆ ತುಂಬಿದಾಗ ಕರುಳು ತಾನಾಗಿ ಮುಂದಕ್ಕೆ ತಳ್ಳುತ್ತದೆ. ಆದ್ದರಿಂದ ಊಟದ ಹೊತ್ತು ಗಟ್ಟಿಯಾದರೆ ಕಕ್ಕದ ಹೊತ್ತೂ ಗಟ್ಟಿಯಾಗುತ್ತದೆ. ದಿನವಿಡೀ ತಟ್ಟೆ ತುಂಬಿ ಇಟ್ಟು, ಯಾವಾಗ ಬೇಕಾದರೂ ತಿನ್ನಲಿ ಅಂದರೆ ನಿಮಗೆ ಯಾವ ಲೆಕ್ಕವೂ ಸಿಗುವುದಿಲ್ಲ.

ಆಡುತ್ತಿದ್ದ ಮರಿ ಇದ್ದಕ್ಕಿದ್ದಂತೆ ಆಟಿಕೆ ಬಿಟ್ಟು ಮೂಗು ನೆಲಕ್ಕೆ ಹಚ್ಚಿ ನಡೆಯಲು ಶುರು ಮಾಡಿತು, ಒಂದೇ ಜಾಗದಲ್ಲಿ ಸುತ್ತಿತು, ಸೋಫಾ ಹಿಂದಕ್ಕೆ ಹೊರಟಿತು ಅಂದರೆ ನಿಮ್ಮ ಕೈಲಿರುವುದು ಕೆಲವೇ ಸೆಕೆಂಡ್.

ಇಲ್ಲಿ ತುಂಬಾ ಜನ ಎಡವುವ ಒಂದು ಜಾಗ ಇದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹೊರಗೆ ಹೋಗಿ ಮರಿ ಕೂತ ಕೂಡಲೇ ಖುಷಿಯಾಗಿ "ಶಭಾಷ್, ಜಾಣ ಮರಿ!" ಅಂತ ಕೂಗುತ್ತೀರಿ. ಮರಿ ಅರ್ಧಕ್ಕೇ ನಿಲ್ಲಿಸಿ ಬಾಲ ಅಲ್ಲಾಡಿಸುತ್ತಾ ನಿಮ್ಮ ಹತ್ತಿರ ಓಡಿ ಬರುತ್ತದೆ. ಆಯಿತು ಅಂತ ಒಳಗೆ ಕರೆದುಕೊಂಡು ಹೋಗುತ್ತೀರಿ. ಎರಡು ನಿಮಿಷಕ್ಕೆ ಉಳಿದರ್ಧ ಕಾರ್ಪೆಟ್ ಮೇಲೆ. "ಈಗ ತಾನೇ ಹೊರಗೆ ಮಾಡಿ ಬಂದು ಮತ್ತೆ ಒಳಗೆ ಮಾಡಿತಲ್ಲ, ಹಠ ಇದಕ್ಕೆ" ಅಂತ ಬೈಸಿಕೊಳ್ಳುವುದು ಮರಿ. ಅದು ಕೂತಾಗ ಬಾಯಿ ಮುಚ್ಚಿಕೊಂಡಿರಿ. ಪೂರ್ತಿ ಮುಗಿಸಿ ಎದ್ದು ಹೆಜ್ಜೆ ಇಟ್ಟ ಆ ಕ್ಷಣ ಹೊಗಳಿ, ಅದೇ ಜಾಗದಲ್ಲಿ ತಿಂಡಿ ಕೊಡಿ. ಒಳಗೆ ಬಂದು ಡಬ್ಬಿ ತೆಗೆದು ಕೊಟ್ಟರೆ ಒಳಗೆ ಬಂದಿದ್ದಕ್ಕೆ ತಿಂಡಿ ಸಿಕ್ಕಿತು ಅಂದುಕೊಳ್ಳುತ್ತದೆ. ತಿಂಡಿ ಕೊಟ್ಟ ಮೇಲೂ ಒಂದೆರಡು ನಿಮಿಷ ಅಲ್ಲೇ ಸುಮ್ನೆ ನಿಲ್ಲಿ, ಮರಿಗಳು ಎರಡು ಕಂತಿನಲ್ಲಿ ಮಾಡುವುದು ಮಾಮೂಲು. ರಾತ್ರಿಯ ಕೊನೆಯ ಸರದಿಯಲ್ಲಂತೂ ಆ ಎರಡನೇ ಕಂತಿಗೆ ಕಾಯಲೇಬೇಕು.

ಕೂತಾಗ ಮೆಲ್ಲಗೆ ಒಂದೇ ಮಾತು ಹೇಳುವುದು ಬೇರೆ. "ಸುಸ್ಸು ಮಾಡು" ಅಂತಲೋ ಮತ್ತೇನೋ, ಮನೆಯವರೆಲ್ಲ ಅದೇ ಮಾತು, ಅದೇ ಧಾಟಿ. ಕೆಲವು ವಾರದಲ್ಲಿ ಆ ಮಾತಿಗೇ ಮಾಡಲು ಕಲಿಯುತ್ತದೆ. ಮಳೆ ಬರುವ ರಾತ್ರಿ ಇದರ ಬೆಲೆ ಗೊತ್ತಾಗುತ್ತದೆ.

ಹಗಲಿನಲ್ಲಿ ಮಾತ್ರ, ಕೆಲಸ ಮುಗಿದ ಮೇಲೆ ಸ್ವಲ್ಪ ಹೊತ್ತು ಹೊರಗೆ ಆಡಿಸಿ. ಮುಗಿಸಿದ ಕೂಡಲೇ ಒಳಗೆ ಎಳೆದುಕೊಂಡು ಬಂದರೆ, ಬೇಗ ಮಾಡಿದರೆ ಸುತ್ತಾಟ ಮುಗಿಯುತ್ತದೆ ಅಂತ ತಿಳಿದು ತಡೆಹಿಡಿಯುವ ಜಾಣ ಮರಿಗಳೂ ಇವೆ.

ಲಸಿಕೆ ಪೂರ್ತಿಯಾಗುವವರೆಗೆ ಬೇರೆ ನಾಯಿಗಳು ಓಡಾಡುವ ಜಾಗದಲ್ಲಿ ಕೆಳಗೆ ಬಿಡಬೇಡಿ. ಮರಿಗಳ ಜೀವಕ್ಕೇ ಕುತ್ತು ತರುವ ವಾಂತಿ ಭೇದಿಯ ರೋಗ ಪಾರ್ವೋ, ಅದರ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಮರಿ ಲಸಿಕೆಗಳ ಸಾಲಿನ ಕೊನೆಯದು 16 ವಾರ ತುಂಬಿದ ಮೇಲೆಯೇ. ನಿಮ್ಮದೇ ಅಂಗಳ ಇದ್ದರೆ, ಹೊರಗಿನ ನಾಯಿ ಬರದಿದ್ದರೆ ಅಲ್ಲೇ ಒಂದು ಮೂಲೆ ಗೊತ್ತುಮಾಡಿ. ಮಹಡಿ ಮನೆಯಾದರೆ ಬಾಲ್ಕನಿಯಲ್ಲಿ ಟ್ರೇಯಲ್ಲಿ ಹುಲ್ಲು ಅಥವಾ ಮಣ್ಣು ಹಾಕಿ. ಮನೆಯೊಳಗೆ ಹಾಸುವ, ಉಚ್ಚೆ ಹೀರಿಕೊಳ್ಳುವ ಪ್ಯಾಡ್ ಬಗ್ಗೆ ನನಗೆ ಅಷ್ಟೇನೂ ಒಲವಿಲ್ಲ. ಎಂಟೊಂಬತ್ತು ವಾರದ ಹೊತ್ತಿಗೆ ಕಾಲಿಗೆ ತಗಲುವ ನೆಲ ಯಾವುದು ಅನ್ನುವುದನ್ನು ಮರಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮೆತ್ತಗಿನ ಪ್ಯಾಡ್ ಮೇಲೆ ಮಾಡಿ ರೂಢಿಯಾದರೆ ಕಾಲೊರಸುವ ಮ್ಯಾಟು, ಕಾರ್ಪೆಟ್ಟು, ನೆಲಕ್ಕೆ ಬಿದ್ದ ನಿಮ್ಮ ಟವೆಲ್ಲು, ಎಲ್ಲ ಅದಕ್ಕೆ ಒಂದೇ. ಬೇರೆ ದಾರಿಯೇ ಇಲ್ಲದವರು ಬಳಸಿ, ತಪ್ಪಿಲ್ಲ. ಮತ್ತೆ ಹುಲ್ಲಿಗೆ ಕಲಿಸುವಾಗ ಎರಡನೇ ಸಲ ಕಷ್ಟಪಡಬೇಕು ಅಷ್ಟೇ.

ಮೂಗು ಉಜ್ಜುವುದಕ್ಕೆ ಬರೋಣ. ನಾಯಿಗೆ ತಾನು ಮಾಡಿದ್ದಕ್ಕೂ ಸಿಕ್ಕ ಫಲಕ್ಕೂ ನಂಟು ಬೆಸೆಯುವುದು ಒಂದೆರಡು ಸೆಕೆಂಡಿನೊಳಗೆ. ಬೆಳಗ್ಗೆ 6ಕ್ಕೆ ನೀವು ಬಂದು, ರಾತ್ರಿ 3ಕ್ಕೆ ಹೊಯ್ದ ಉಚ್ಚೆಗೆ ಮೂಗು ಉಜ್ಜಿದರೆ ಅದಕ್ಕೆ ಗೊತ್ತಾಗುವುದು ಇಷ್ಟೇ: ಬೆಳಗ್ಗೆ ಈ ಮನುಷ್ಯ ಹತ್ತಿರ ಬಂದರೆ ನೋವು. "ತಪ್ಪು ಮಾಡಿದೆ ಅಂತ ಅದಕ್ಕೇ ಗೊತ್ತು, ಮುಖ ನೋಡಿದರೆ ಗೊತ್ತಾಗುತ್ತದೆ" ಅನ್ನುತ್ತಾರೆ. ಕಿವಿ ಹಿಂದಕ್ಕೆ ಮಡಚಿ, ಮುಖ ತಿರುಗಿಸಿ, ಮೈ ಕುಗ್ಗಿಸುವುದು ನಿಮ್ಮ ಸಿಟ್ಟು ಇಳಿಸಲು, ತಪ್ಪೊಪ್ಪಿಗೆ ಅಲ್ಲ. ಮಾಡುತ್ತಿರುವಾಗಲೇ ಹಿಡಿದು ಹೊಡೆದರೆ ಇನ್ನೂ ಕೆಟ್ಟದು, ಜನರ ಕಣ್ಣೆದುರು ಉಚ್ಚೆ ಹೊಯ್ಯುವುದು ಅಪಾಯ ಅಂತ ಕಲಿಯುತ್ತದೆ. ಆಮೇಲೆ ನೀವು ಬೆಲ್ಟ್ ಹಿಡಿದು ಅರ್ಧ ಗಂಟೆ ಹೊರಗೆ ನಿಂತರೂ ಮಾಡುವುದಿಲ್ಲ, ಒಳಗೆ ಬಂದು ಮಂಚದ ಕೆಳಗೆ ನುಸುಳಿ ಮಾಡುತ್ತದೆ. ಇಂಥ ನಾಯಿಗಳನ್ನು ಸರಿ ಮಾಡುವುದು ಹೊಸ ಮರಿಗೆ ಕಲಿಸುವುದಕ್ಕಿಂತ ಎಷ್ಟೋ ಕಷ್ಟ. ಮನೆಯಲ್ಲಿ ಆ ಸಲಹೆ ಕೊಟ್ಟವರಿಗೆ ಇದನ್ನೇ ಓದಿ ಹೇಳಿ. ನಿಮ್ಮ ಕಣ್ಣೆದುರೇ ಮಾಡಲು ಶುರು ಮಾಡಿದರೆ ಮೆಲ್ಲಗೆ "ಬಾ ಬಾ" ಅಂತ ಎತ್ತಿಕೊಂಡು ಹೊರಗೆ ಓಡಿ, ಉಳಿದದ್ದು ಅಲ್ಲಾದರೆ ಹೊಗಳಿ. ಆಗಲೇ ಮುಗಿದಿದ್ದರೆ ಒರೆಸಿ, ಅಷ್ಟೇ.

ಒರೆಸುವುದೂ ಸರಿಯಾಗಿರಬೇಕು. ನಮ್ಮ ಮೂಗಿಗೆ ಹೋದ ವಾಸನೆ ಮರಿಯ ಮೂಗಿಗೆ ಹೋಗಿರುವುದಿಲ್ಲ, ವಾಸನೆ ಇರುವಲ್ಲಿ ಮತ್ತೆ ಮಾಡುತ್ತದೆ. ಸಾಕುಪ್ರಾಣಿಗಳ ಗಲೀಜಿಗೆಂದೇ ಎಂಜೈಮ್ ಇರುವ ಕ್ಲೀನರ್ ಸಿಗುತ್ತದೆ, ಅದನ್ನೇ ತನ್ನಿ. ಮೊದಲು ಬಟ್ಟೆಯಲ್ಲಿ ಒತ್ತಿ ಹೀರಿಸಿ, ಆಮೇಲೆ ಧಾರಾಳವಾಗಿ ಸುರಿದು ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಡಿ. ಸಿಂಪಡಿಸಿ ತಕ್ಷಣ ಒರೆಸಿದರೆ ಎಂಜೈಮಿಗೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ. ಅಮೋನಿಯಾ ಇರುವ ಫ್ಲೋರ್ ಕ್ಲೀನರ್ ಬೇಡ, ಅದರ ವಾಸನೆ ಉಚ್ಚೆಯನ್ನೇ ನೆನಪಿಸುತ್ತದೆ.

ಗಂಡು ಮರಿಯಾದರೆ ಆರು ತಿಂಗಳ ನಂತರ ಕಾಲೆತ್ತಿ ಮೂಲೆ ಮೂಲೆಗೆ ಚೂರು ಚೂರು ಹೊಯ್ಯಲು ಶುರು ಮಾಡಬಹುದು. ಅದು ಗುರುತು ಹಾಕುವ ಚಟ, ಅದರ ಕಥೆಯೇ ಬೇರೆ. ನಿಮ್ಮನ್ನು ಕಂಡು ಖುಷಿಗೋ ಹೆದರಿಕೆಗೋ ನಿಂತಲ್ಲೇ ಎರಡು ಹನಿ ಬಿಡುವುದೂ ತರಬೇತಿಯ ಸೋಲಲ್ಲ, ಅದು ಬೇಕೆಂದು ಮಾಡುವುದಲ್ಲ, ಬೆಳೆದ ಹಾಗೆ ಹೆಚ್ಚಿನವಕ್ಕೆ ಹೋಗುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಆರೋಗ್ಯವಾಗಿರುವ ಮರಿಗೆ. ವಾಂತಿ ಭೇದಿ ಇರುವ ಮರಿಗೆ, ಸ್ಟಿರಾಯ್ಡ್‌ನಂಥ ಔಷಧಿಯಲ್ಲಿರುವ ಮರಿಗೆ, ಸೆಕೆಯಲ್ಲಿ ಏದುಸಿರು ಬಿಡುತ್ತಿರುವ ಮರಿಗೆ ರಾತ್ರಿಯೂ ನೀರು ಎತ್ತಿಡಬಾರದು. ಹಾಸಿಗೆ ಒದ್ದೆಯಾದರೆ ಆಗಲಿ. ಒಸಡು ಮುಟ್ಟಿದರೆ ಜಾರಬೇಕು, ಅಂಟಂಟಾಗಿದ್ದರೆ ನೀರು ಸಾಲುತ್ತಿಲ್ಲ. ನಿಮ್ಮ ಮರಿಗೆ ಬೆಳಗ್ಗೆ ಮೊದಲು ನಾಲ್ಕೈದು ಚಮಚ ನೀರು ಕೊಡಿ, ಹತ್ತು ನಿಮಿಷ ಬಿಟ್ಟು ಮತ್ತಷ್ಟು, ಆಮೇಲೆ ಬಟ್ಟಲು ಇಡಿ. ಹೊತ್ತು ಬದಲಾಯಿಸಿದ ಎರಡು ಮೂರು ದಿನದಲ್ಲಿ ವಾಂತಿ ನಿಲ್ಲಬೇಕು. ನಿಲ್ಲದಿದ್ದರೆ ಪಶುವೈದ್ಯರಿಗೆ ತೋರಿಸಿ. ವಾಂತಿಯ ಜೊತೆ ಮಂಕಾಗಿದ್ದರೆ, ಊಟ ಬಿಟ್ಟರೆ, ಭೇದಿಯಾದರೆ ಕಾಯಬೇಡಿ, ಅದೇ ದಿನ ಹೋಗಿ. ಲಸಿಕೆ ಮುಗಿಯದ ಮರಿಗೆ ಪಾರ್ವೋ ಬಂದರೆ ಒಂದು ದಿನದ ತಡವೂ ಜಾಸ್ತಿಯೇ.

ಉಚ್ಚೆಯ ಕಡೆಯಿಂದ ಗಮನಿಸಬೇಕಾದ್ದು: ಹತ್ತು ಹತ್ತು ನಿಮಿಷಕ್ಕೆ ಕೂತು ನಾಲ್ಕು ಹನಿ ಮಾತ್ರ ಬರುವುದು, ತಿಣುಕುವುದು, ರಕ್ತ ಅಥವಾ ಕೆಟ್ಟ ವಾಸನೆ, ಆ ಜಾಗವನ್ನು ಸದಾ ನೆಕ್ಕುವುದು. ಇವು ಮೂತ್ರದ ಸೋಂಕಿನ ಗುರುತು, ಹೆಣ್ಣು ಮರಿಗಳಲ್ಲಿ ಜಾಸ್ತಿ. ಸೋಂಕಿದ್ದರೆ ಯಾವ ತರಬೇತಿಯೂ ಹತ್ತುವುದಿಲ್ಲ. ನಿದ್ದೆಯಲ್ಲೂ ನಡೆಯುವಾಗಲೂ ಸದಾ ಹನಿ ಹನಿ ಸೋರಿ ಹಿಂಭಾಗದ ಕೂದಲು ಒದ್ದೆಯಾಗಿಯೇ ಇದ್ದರೆ, ಮೂತ್ರಪಿಂಡದಿಂದ ಬರುವ ನಾಳ ಹುಟ್ಟಿನಿಂದಲೇ ತಪ್ಪು ಜಾಗಕ್ಕೆ ಸೇರಿರಬಹುದು. ಇದೂ ಹೆಣ್ಣು ಮರಿಗಳಲ್ಲೇ ಹೆಚ್ಚು, ಸ್ಕ್ಯಾನ್ ಮಾಡಿ ನೋಡಬೇಕಾಗುತ್ತದೆ. ನೀರು ವಿಪರೀತ ಕುಡಿಯುತ್ತಿದೆ ಅನ್ನಿಸಿದರೆ ಅಂದಾಜಿನ ಮೇಲೆ ಹೋಗಬೇಡಿ. ಬೆಳಗ್ಗೆ ಅಳೆದು ಹಾಕಿ, ಮತ್ತೆ ಹಾಕಿದ್ದನ್ನೂ ಬರೆದಿಡಿ, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಅಳೆದು ಕಳೆಯಿರಿ. ಚೆಲ್ಲಿದ್ದು ಬಿಟ್ಟು, ಕೆ.ಜಿ.ಗೆ 100 ಮಿ.ಲೀ.ಗಿಂತ ಜಾಸ್ತಿ ದಿನಾ ಹೋಗುತ್ತಿದ್ದರೆ ಆ ಚೀಟಿ ಹಿಡಿದುಕೊಂಡು ವೈದ್ಯರ ಹತ್ತಿರ ಹೋಗಿ.

ಹೋಗುವಾಗ ಉಚ್ಚೆಯ ಸ್ಯಾಂಪಲ್ ಇದ್ದರೆ ಅವರ ಕೆಲಸ ಅರ್ಧ ಮುಗಿದ ಹಾಗೆ. ಬೆಳಗಿನ ಮೊದಲ ಸಲದ್ದು ಒಳ್ಳೆಯದು. ತೊಳೆದು ಒಣಗಿಸಿದ ಚಪ್ಪಟೆ ತಟ್ಟೆಯೊಂದನ್ನು ಮರಿ ಕೂತು ಶುರು ಮಾಡಿದ ಮೇಲೆ ಹಿಂದಿನಿಂದ ಮೆಲ್ಲಗೆ ಕೆಳಗೆ ತಳ್ಳಿ. ಮೊದಲೇ ತಳ್ಳಿದರೆ ಎದ್ದು ಅದನ್ನು ಮೂಸಲು ಬರುತ್ತದೆ. ಎರಡು ಚಮಚದಷ್ಟು ಸಾಕು. ಸ್ವಚ್ಛ ಡಬ್ಬಿಗೆ ಹಾಕಿ ಮುಚ್ಚಿ ಆದಷ್ಟು ಬೇಗ ಕೊಂಡೊಯ್ಯಿರಿ, ತಡವಾಗುವುದಾದರೆ ಫ್ರಿಜ್‌ನಲ್ಲಿಡಿ. ಡಬ್ಬಿಯ ಮೇಲೆ ಏನಿದೆ ಅಂತ ಬರೆಯುವುದನ್ನು ಮಾತ್ರ ಮರೆಯಬೇಡಿ.